ಮೇಲಿನಿಂದ ಆರುನೂರ ನಲವತ್ತು

ಸ್ಕೇಲಪ್ಪ ಎಂಬ ಹೆಸರನ್ನು ಅವನಿಗೆ ಕಟ್ಟಿದವರು ಆಫೀಸಿನವರು. ಬೇರೆಯವರು ಅಂಗಿಯ ಜೇಬಿನಲ್ಲಿ ಪೆನ್ನು ಸಿಕ್ಕಿಸಿಕೊಂಡರೆ ಇವನು ಆರಿಂಚಿನ ಸ್ಟೀಲ್ ಸ್ಕೇಲು ಸಿಕ್ಕಿಸಿಕೊಳ್ಳುತ್ತಿದ್ದ. ಮೊಬೈಲ್ ಆ್ಯಪ್‌ಗಳಲ್ಲಿ ಯಾವ ಅಕ್ಷರ ಎಲ್ಲಿ ಕೂರಬೇಕು, ಯಾವ ಬಟನ್ ಎಷ್ಟು ಅಗಲ ಇರಬೇಕು ಎಂದು ಜೋಡಿಸುವುದು ಅವನ ಕೆಲಸ. ಆ ಕೆಲಸಕ್ಕೆ ಸ್ಕೇಲು ಬೇಕಾಗಿಲ್ಲ, ಎಲ್ಲವನ್ನೂ ಕಂಪ್ಯೂಟರೇ ಲೆಕ್ಕ ಹಾಕುತ್ತದೆ. ಆದರೂ ಇವನು ಫೋನಿನ ಗಾಜಿನ ಮೇಲೆ ಸ್ಕೇಲಿಟ್ಟು, ಒಂದು ಕಣ್ಣು ಮುಚ್ಚಿ ನೋಡದೆ ಯಾವ ಪರದೆಯನ್ನೂ ಹೊರಗೆ ಬಿಟ್ಟವನಲ್ಲ. ಎರಡು ಬಟನ್‌ಗಳ ನಡುವಿನ ಅಂತರ ಕೂದಲೆಳೆಯಷ್ಟು ಹೆಚ್ಚಾಗಿದ್ದರೂ ಬೀದಿಯ ಆಚೆ ಬದಿಯಿಂದಲೇ ಹೇಳುತ್ತಿದ್ದ. ಫೋನು ಮತ್ತೊಬ್ಬರ ಜೇಬಿನಲ್ಲಿದ್ದರೂ ಹೇಳುತ್ತಿದ್ದ ಎನ್ನುವವರಿದ್ದಾರೆ.

ಕೋಪ ಅವನ ಮೂಗಿನ ತುದಿಯಲ್ಲಿ ಬಾಡಿಗೆ ಮನೆ ಮಾಡಿಕೊಂಡಿತ್ತು. ಅವನು ಪಕ್ಕದಲ್ಲಿ ಹಾದುಹೋದರೆ ಕಾಫಿ ಯಂತ್ರದಲ್ಲಿ ಹಾಲು ತಾನಾಗಿಯೇ ಕುದಿಯುತ್ತಿತ್ತು. ಹೊಸದಾಗಿ ಸೇರಿದವರಿಗೆ ಅವನು ಮೊದಲ ದಿನವೇ ಬೈದು ಪಾಠ ಹೇಳುತ್ತಿದ್ದ. "ನೋಡ್ರಪ್ಪಾ, ಪರದೆ ಮೇಲೆ ಇರೋದೆಲ್ಲ ಪೆಟ್ಟಿಗೆ. ಪೆಟ್ಟಿಗೆ ಕೂರ್ಸೋಕೆ ಎರಡೇ ದಾರಿ. ಒಂದು, ಕಟ್ಟೋದು. 'ಮೇಲಿನವನ ಕೆಳಗೆ ಇಷ್ಟು ಜಾಗ ಬಿಟ್ಟು ಕೂತ್ಕೋ, ಅವನು ದಪ್ಪ ಆದ್ರೆ ನೀನು ಸರ್ಕೋ' ಅಂತ. ಇನ್ನೊಂದು, ಮೊಳೆ ಹೊಡೆಯೋದು. 'ಮೇಲಿನಿಂದ ಇಷ್ಟು ದೂರದಲ್ಲಿ ಇರು, ಭೂಮಿ ನಡುಗಿದ್ರೂ ಅಲ್ಲಾಡಬೇಡ' ಅಂತ. ಮೊಳೆ ಹೊಡೆದವನ ಕೈ ಮುರೀತೀನಿ."

ಈ ಪಾಠ ಅವನದಲ್ಲ, ಅವನ ಅಕ್ಕನದು. ತಾಯಿ ಹೋದ ಮೇಲೆ ಅವನನ್ನು ಸಾಕಿದವಳು ಅಕ್ಕ. ಶಾಲೆ ಮಕ್ಕಳ ಸಮವಸ್ತ್ರ ಹೊಲಿದು ಸಾಕಿದಳು. ಮನೆಯ ಮುಂದಿನ ಕೋಣೆಯಲ್ಲಿ ಕಿಟಕಿಗೆ ತಾಗಿಸಿದ ಹೊಲಿಗೆ ಯಂತ್ರ, ಗೋಡೆಯುದ್ದಕ್ಕೂ ಕಾಲಿಲ್ಲದ ಚಡ್ಡಿಗಳ ಸಾಲು. ಆ ಬೀದಿಯ ಮೂರು ತಲೆಮಾರಿನ ಸೊಂಟದ ಅಳತೆ ಅವಳಿಗೆ ಬಾಯಿಪಾಠ. ಹೊಲಿಯುವಾಗ ಪ್ರತಿ ಅಂಚಿನ ಒಳಗೂ ಎರಡು ಬೆರಳು ಬಟ್ಟೆ ಮಡಿಸಿ ಬಿಡುತ್ತಿದ್ದಳು. "ಮಗು ನಿಂತ ಹಾಗೇ ನಿಂತಿರುತ್ತೇನೋ? ಬೆಳೆಯುತ್ತೆ. ಬೆಳೆದಾಗ ಬಿಚ್ಚಿ ಬಿಡೋಕೆ ಒಳಗೆ ಬಟ್ಟೆ ಇರ್ಬೇಕು. ಅಳತೆಗೆ ಸರಿಯಾಗಿ ಕತ್ತರಿಸೋನು ದರ್ಜಿಯಲ್ಲ, ಕಟುಕ."

ಈಗ ಅಕ್ಕನಿಗೆ ಅರವತ್ಮೂರು. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಬಲಗಣ್ಣಿನದು ತೆಗೆದಾಗಿತ್ತು, ಎಡಗಣ್ಣಿನದು ಬಾಕಿ. ಸೂಜಿಗೆ ದಾರ ಪೋಣಿಸಲು ಪಕ್ಕದ ಮನೆಯವಳನ್ನು ಕರೆಯಬೇಕಾಗಿ ಬಂದ ದಿನ ಅಕ್ಕ ಇಡೀ ದಿನ ಯಾರ ಜೊತೆಗೂ ಮಾತಾಡಿರಲಿಲ್ಲ. ಆಸ್ಪತ್ರೆಯಲ್ಲಿ ಸರದಿ ಬಂದಾಗ ಫೋನಿನ ಆ್ಯಪ್‌ಗೆ ಬೆಳಿಗ್ಗೆ ಸಂದೇಶ ಬರುತ್ತದೆ. ಸಂಜೆಯೊಳಗೆ 'ಬರುತ್ತೇನೆ' ಎಂಬ ಬಟನ್ ಒತ್ತಬೇಕು. ಒತ್ತದಿದ್ದರೆ ಸರದಿ ಮುಂದಿನವರಿಗೆ. ಮತ್ತೆ ಮೂರು ತಿಂಗಳು ಕಾಯಬೇಕು. ಬಲಗಣ್ಣಿನದು ಮುಗಿದ ಮೇಲೆ, ಕಾಣಲಿ ಎಂದು ಸ್ಕೇಲಪ್ಪನೇ ಅಕ್ಕನ ಪುಟ್ಟ ಹಳೇ ಫೋನಿನಲ್ಲಿ ಎಲ್ಲವನ್ನೂ ದೊಡ್ಡದಾಗಿ ತೋರಿಸುವಂತೆ ಮಾಡಿಕೊಟ್ಟಿದ್ದ. ಒಂದೊಂದು ಅಕ್ಷರ ಕುಂಬಳಕಾಯಿಯಷ್ಟು.

ಒಂದು ಶುಕ್ರವಾರ ಅವನು ಕೇಳಿದ, "ಅಕ್ಕ, ಆಸ್ಪತ್ರೆಯಿಂದ ಇನ್ನೂ ಏನೂ ಬಂದಿಲ್ವಾ?"

ಅಕ್ಕ ಬಟ್ಟೆ ಮಡಿಸುತ್ತಲೇ ಇದ್ದಳು. "ಬಂದಿತ್ತು. ಸೋಮವಾರ."

"ಸೋಮವಾರ! ಮತ್ತೆ?"

"ಒತ್ತೋಕೆ ಆಗ್ಲಿಲ್ಲ."

"ಒತ್ತೋಕೆ ಆಗ್ಲಿಲ್ಲ ಅಂದ್ರೆ? ಒಂದು ಬಟನ್ ಒತ್ತೋಕೆ ಏನು ಕುಸ್ತಿ ಆಡ್ಬೇಕಾ? ಕನ್ನಡಕ ಎಲ್ಲಿತ್ತು? ನನಗೆ ಒಂದು ಫೋನ್ ಮಾಡೋಕೆ ಏನಾಗಿತ್ತು ನಿನಗೆ?"

ಅವನ ಕೂಗಿಗೆ ಗೋಡೆಯ ಚಡ್ಡಿಗಳೆಲ್ಲ ಒಮ್ಮೆ ಅಲ್ಲಾಡಿದವು. ಅಕ್ಕ ಮಾತ್ರ ಅಲ್ಲಾಡಲಿಲ್ಲ. ಮೆಲ್ಲಗೆ ಹೇಳಿದಳು, "ಹುಡುಕಿದೆ ಕಣೋ. ಬೆಳಿಗ್ಗೆಯಿಂದ ಸಂಜೆವರೆಗೂ ಹುಡುಕಿದೆ. ಅಡ್ಡ ಹಿಡಿದೆ, ತಲೆಕೆಳಗೆ ಹಿಡಿದೆ, ಕಿಟಕಿ ಹತ್ರ ಹೋದೆ. ಎಲ್ಲ ಕಡೆ ಒತ್ತಿದೆ. 'ಕೆಳಗಿನ ಬಟನ್ ಒತ್ತಿ' ಅಂತ ಬರೆದಿತ್ತು. ಕೆಳಗೆ ಏನೂ ಇರ್ಲಿಲ್ಲ. ನಿನಗೆ ಹೇಳಿದ್ರೆ, ಅಕ್ಕನಿಗೆ ಬುದ್ಧಿ ಮಂಕಾಯ್ತು ಅಂದ್ಕೋತೀಯ ಅಂತ ಸುಮ್ನಿದ್ದೆ."

ಅವನು ಫೋನು ಕಿತ್ತುಕೊಂಡು ನೋಡಿದ. ಆಸ್ಪತ್ರೆಯ ಗುರುತು ಇತ್ತು, ಅಕ್ಕನ ಹೆಸರು ಇತ್ತು, 'ಕೆಳಗಿನ ಬಟನ್ ಒತ್ತಿ' ಇತ್ತು. ಅದರ ಕೆಳಗೆ ಫೋನು ಮುಗಿದುಹೋಗಿತ್ತು. ಬೆರಳಿನಿಂದ ಮೇಲಕ್ಕೆ ತಳ್ಳಿದ. ಪುಟ ಹಠಮಾರಿ ಎಮ್ಮೆಯ ಹಾಗೆ ಜರುಗಲಿಲ್ಲ. ಮೂಲೆಯಲ್ಲಿ ಚಿಕ್ಕದಾಗಿ ಆ್ಯಪ್ ಮಾಡಿದ ಕಂಪನಿಯ ಗುರುತು ಇತ್ತು. ಅದು ಅವನದೇ ಕಂಪನಿ.

ಮರುದಿನ ಶನಿವಾರ. ರಜೆಯಿದ್ದರೂ ಸ್ಕೇಲಪ್ಪ ಅಕ್ಕನ ಫೋನನ್ನು ಜೇಬಿಗೆ ಹಾಕಿಕೊಂಡು ಆಫೀಸಿಗೆ ಹೋದ. ಹೋದ ಎನ್ನುವುದು ಸಣ್ಣ ಮಾತು. ಅವನು ಹಾದ ದಾರಿಯಲ್ಲಿ ಟಾರು ಇವತ್ತಿಗೂ ಮೆತ್ತಗಿದೆ. ಯಾವ ಕಟುಕ ಈ ಬಟನ್ನಿಗೆ ಮೊಳೆ ಹೊಡೆದ ಎಂದು ಹುಡುಕಿ ಅವನ ಕೈ ಮುರಿಯುವುದೇ ಅವನ ಉದ್ದೇಶ. ಆ ಪುಟದ ಕೋಡು ತೆರೆದ. ಇತ್ತು: 'ಬರುತ್ತೇನೆ' ಬಟನ್, ಮೇಲಿನಿಂದ ಆರುನೂರ ನಲವತ್ತು ಚುಕ್ಕಿ ದೂರದಲ್ಲಿ. ಪುಟ ಜರುಗದಂತೆ ಬೀಗ. ಪಕ್ಕದಲ್ಲಿ ಒಂದು ಟಿಪ್ಪಣಿ: 'ಸದ್ಯಕ್ಕೆ ಹೀಗೆ. ಆಮೇಲೆ ಸರಿ ಮಾಡುವುದು.' ಎರಡು ವರ್ಷದ ಹಿಂದಿನ ತಾರೀಕು. ಬರೆದವನ ಹೆಸರು ಅವನದೇ.

ಆಗ ನೆನಪಾಯಿತು. ಆಸ್ಪತ್ರೆಯ ಹಿರಿಯರೆಲ್ಲ ಸಭಾಕೋಣೆಯಲ್ಲಿ ಕೂತಿದ್ದರು. ಕಂಪನಿಯ ಸಾಹೇಬರು ಈ ಆ್ಯಪನ್ನು ತಮ್ಮ ಹಲಗೆಯಷ್ಟು ದೊಡ್ಡ ಹೊಸ ಫೋನಿನಲ್ಲಿ ತೋರಿಸುವಾಗ ಸಂದೇಶ ಉದ್ದವಾದಂತೆ ಬಟನ್ ಒಂದು ಬೆರಳು ಕೆಳಗೆ ಸರಿದಿತ್ತು. ಅದು ಸರಿಯಬೇಕಾದದ್ದೇ. ಸಾಹೇಬರು ಹೊರಗೆ ಬಂದು, "ರೀ, ನಿಮ್ಮ ಬಟನ್ ಕುಣೀತಿದೆ, ಮರ್ಯಾದೆ ಹೋಗುತ್ತೆ, ಹಿಡಿದು ಕೂರ್ಸ್ರೀ" ಎಂದಿದ್ದರು. ಹತ್ತು ನಿಮಿಷದಲ್ಲಿ ಅವನು ಹಿಡಿದು ಕೂರಿಸಿದ್ದ. ಅಕ್ಕನ ಫೋನಿನಲ್ಲಿ ಎಲ್ಲವನ್ನೂ ದೊಡ್ಡದು ಮಾಡಿದಾಗ ಪರದೆಯ ಲೆಕ್ಕ ಐನೂರಕ್ಕೇ ಮುಗಿಯುತ್ತದೆ. ಆರುನೂರ ನಲವತ್ತು ಅಂದರೆ ಗಾಜಿನ ಹೊರಗೆ, ಅವಳ ಅಂಗೈ ಮೇಲೆ. ಅಕ್ಕ ಇಡೀ ದಿನ ಬಟನ್ನನ್ನು ಮುಷ್ಟಿಯಲ್ಲೇ ಹಿಡಿದುಕೊಂಡು ಹುಡುಕಿದ್ದಳು.

ಬೇರೆಯವರ ಮೇಲಿನ ಕೋಪಕ್ಕೆ ಕೂಗಾಡಬಹುದು, ಮೇಜು ಗುದ್ದಬಹುದು. ತನ್ನ ಮೇಲಿನದಕ್ಕೆ ಜಾಗವೇ ಇಲ್ಲ. ಜೇಬಿನ ಸ್ಕೇಲು ತೆಗೆದು ಬಗ್ಗಿಸಿದ. ಒಳ್ಳೆಯ ಸ್ಟೀಲು, ಮತ್ತೆ ನೇರವಾಗಿ ನಿಂತು ಅವನನ್ನೇ ನೋಡಿತು.

ಮಧ್ಯಾಹ್ನದೊಳಗೆ ಮೊಳೆ ಕಿತ್ತು ಬಟನ್ನನ್ನು ಸಂದೇಶದ ಕೆಳಗೆ ಕಟ್ಟಿದ, ಪುಟದ ಬೀಗ ತೆಗೆದ, ಸಾಹೇಬರ ಮನೆಗೇ ಹೋದ.

"ಈಗ ಯಾಕ್ರೀ?" ಎಂದರು ಸಾಹೇಬರು. "ಮುಂದಿನ ತಿಂಗಳು ಎಲ್ಲ ಸೇರಿಸಿ ಬಿಡೋಣ. ಅಷ್ಟು ದೊಡ್ಡ ಅಕ್ಷರ ಇಟ್ಕೊಳ್ಳೋರು ನೂರಕ್ಕೆ ಮೂರು ಜನ."

"ಸಾರ್, ಇದು ಕಣ್ಣಿನ ಆಸ್ಪತ್ರೆ."

"ಅಂದ್ರೆ?"

ಸ್ಕೇಲಪ್ಪ ಮೇಜಿನ ಮೇಲಿದ್ದ ಸಾಹೇಬರ ಕನ್ನಡಕವನ್ನು ಎತ್ತಿ ತನ್ನ ಜೇಬಿಗೆ ಹಾಕಿಕೊಂಡ. ಅಕ್ಕನ ಫೋನನ್ನು ಅವರ ಕೈಗಿಟ್ಟ. "ಒತ್ತಿ ಸಾರ್. ನಿಮಗೆ ಸಂಜೆವರೆಗೂ ಟೈಮಿದೆ."

ಸಾಹೇಬರು ಮೊದಲು ನಕ್ಕರು. ಆಮೇಲೆ ಬೆರಳಾಡಿಸಿದರು, ಅಡ್ಡ ಹಿಡಿದರು, ದೀಪ ಹಾಕಿಸಿದರು. ಅವರ ಹೆಂಡತಿ ಹಿಂದಿನಿಂದ ಬಗ್ಗಿ, "ಏನ್ರೀ ಇದು, ಕೆಳಗೆ ಅಂತ ಬರೆದಿದೆಯಲ್ಲ, ಅಷ್ಟೂ ಕಾಣ್ಸಲ್ವಾ ನಿಮಗೆ?" ಎಂದು ಗದರಿದರು. ಅಷ್ಟು ಸಾಕಾಯಿತು. ಅವತ್ತೇ ಹೊಸ ಪುಟ ಹೊರಗೆ ಬಿತ್ತು.

ಸಂಜೆ ಅಕ್ಕನ ಮುಂದೆ ಕೂತು ಎಲ್ಲವನ್ನೂ ಹೇಳಿದ. ಮೊಳೆ ಹೊಡೆದದ್ದು ನಾನೇ ಎಂದೂ ಹೇಳಿದ. ಅಕ್ಕ ಹೊಲಿಗೆ ಯಂತ್ರದ ಚಕ್ರವನ್ನು ಅಂಗೈಯಿಂದ ನಿಲ್ಲಿಸಿದಳು.

"ಐದು ದಿನ ನನಗೆ ತಲೆ ಕೆಟ್ಟಿದೆ ಅಂದ್ಕೊಂಡಿದ್ದೀನಿ ಕಣೋ. ಇಷ್ಟು ವರ್ಷ ಅಳತೆ ಹಿಡಿದ ಕೈ ಒಂದು ಬಟನ್ ಹುಡುಕಲಾರದೆ ಹೋಯ್ತಲ್ಲ ಅಂತ ಗೋಡೆ ಕಡೆ ತಿರುಗಿ ಅತ್ತಿದ್ದೀನಿ. ನೀನು ಬಂದವನೇ ಕನ್ನಡಕ ಎಲ್ಲಿ ಅಂತ ಕೂಗ್ದೆ."

"ತಪ್ಪಾಯ್ತು ಅಕ್ಕ. ಸೋಮವಾರ ಆಸ್ಪತ್ರೆಗೆ ಹೋಗಿ ನಿನ್ನ ಸರದಿ ವಾಪಸ್ ಹಾಕಿಸ್ತೀನಿ."

"ನನ್ನದೊಂದೇ? ನನ್ನ ಹಾಗೆ ಗೋಡೆ ಕಡೆ ತಿರುಗಿದವರು ಎಷ್ಟು ಜನ?"

ಎರಡು ವರ್ಷದ ಲೆಕ್ಕವನ್ನು ಅವನು ಬೆರಳು ಮಡಿಸಿ ಎಣಿಸತೊಡಗಿದ.

"ಅವರಿಗೆಲ್ಲ ಮೊದಲು ಹೇಳು. ಒಬ್ಬೊಬ್ಬರಿಗೂ, ನಿನ್ನ ಬಾಯಿಂದ್ಲೇ. ಆಮೇಲೆ ನನ್ನ ಕಣ್ಣು."

ಸೋಮವಾರ ಆಸ್ಪತ್ರೆಯ ಕೌಂಟರಿನ ಹೆಂಗಸು ಲೆಕ್ಕ ತೆಗೆದು ಕೊಟ್ಟಳು: ಸಂದೇಶ ತೆರೆದು ನೋಡಿಯೂ ಒತ್ತದೆ ಸರದಿ ಕಳೆದುಕೊಂಡವರು ನಲವತ್ತೊಂದು ಜನ. ಅಕ್ಕನನ್ನು ಬಿಟ್ಟರೆ ನಲವತ್ತು. ಎಲ್ಲರನ್ನೂ ಮತ್ತೆ ಸರದಿಗೆ ಬರೆದುಕೊಳ್ಳಲು ಆಸ್ಪತ್ರೆಯವರು ಒಪ್ಪಿದರು. ಕೌಂಟರಿನವಳ ಪಕ್ಕದ ಕುರ್ಚಿಯಲ್ಲಿ ಆಸ್ಪತ್ರೆಯ ಫೋನು ಹಿಡಿದು ಸ್ಕೇಲಪ್ಪ ಕೂತ. ಎದುರಿನ ಬೆಂಚಿನಲ್ಲಿ ಅಕ್ಕ ಕಾವಲು ಕೂತಳು.

"ತಪ್ಪು ನಮ್ಮದು, ಬಟನ್ ಪರದೆಯಿಂದ ಹೊರಗೆ ಹೋಗಿತ್ತು, ನಿಮ್ಮ ಸರದಿ ಮತ್ತೆ ಹಾಕಿದ್ದಾರೆ" ಎಂದು ಅವನು ಹೇಳುವುದು. ಆ ಕಡೆಯವರು, "ಅಯ್ಯೋ ಬಿಡಿ ಸ್ವಾಮಿ, ನನಗೇ ವಯಸ್ಸಾಯ್ತು" ಎನ್ನುವುದು. ಒಬ್ಬಾಕೆ, "ನನ್ನ ಸೊಸೆ ಆಗ್ಲೇ ಹೇಳಿದ್ಲು, ನನಗೆ ಏನೂ ತಿಳಿಯಲ್ಲ ಅಂತ" ಎಂದಳು. ಒಬ್ಬ ನಿವೃತ್ತ ಮೇಷ್ಟರು ತೊಂದರೆ ಕೊಟ್ಟದ್ದಕ್ಕೆ ಕ್ಷಮಿಸಿ ಎಂದು ಇವನನ್ನೇ ಬೇಡಿಕೊಂಡರು. ಪ್ರತಿ ಕ್ಷಮೆಗೂ ಅವನಿಗೆ ರಕ್ತ ಕುದಿಯುತ್ತಿತ್ತು. "ನಿಮ್ಮ ತಪ್ಪಲ್ರೀ!" ಎಂದು ಕೂಗಿದರೆ ಅವರು ಇನ್ನಷ್ಟು ಹೆದರಿ ಇನ್ನೊಮ್ಮೆ ಕ್ಷಮೆ ಕೇಳುತ್ತಿದ್ದರು. ಇಪ್ಪತ್ತು, ಮೂವತ್ತು, ಮೂವತ್ತಾರು. ಒಬ್ಬರಾದರೂ ಬೈಯಲಿಲ್ಲ.

ಮೂವತ್ತೇಳನೆಯದು ಒಬ್ಬ ಲಾರಿ ಡ್ರೈವರ್.

"ಏನಂದೆ? ಬಟನ್ನು ಹೊರಗೆ ಹೋಗಿತ್ತಾ?" ಫೋನಿನ ಒಳಗಿಂದ ಗುಡುಗು ಬಂತು. "ಎರಡು ತಿಂಗಳಿಂದ ಲಾರಿ ನಿಲ್ಸಿ ಮನೇಲಿ ಕೂತಿದ್ದೀನಿ. ಯಾವನಯ್ಯಾ ಅದನ್ನ ಮಾಡಿದ ಮುಠ್ಠಾಳ? ಅವನಿಗೆ ಕಣ್ಣಿರ್ಲಿಲ್ವಾ?"

"ನಾನೇ ಸಾರ್."

"ನೀನಾ! ಇರು, ಫೋನ್ ಇಡಬೇಡ."

ಆಮೇಲೆ ಬಂದ ಬೈಗುಳ ಕೌಂಟರಿನ ಗಾಜನ್ನು ದಾಟಿ ಬೆಂಚಿನವರೆಗೂ ಕೇಳಿಸಿತು. ಇಬ್ಬರು ನರ್ಸ್‌ಗಳು ಟ್ರೇ ಹಿಡಿದು ನಿಂತುಬಿಟ್ಟರು. ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡಿದ್ದವರು ಕಿವಿಯಿಂದಲೇ ನೋಡಿದರು. ಸ್ಕೇಲಪ್ಪ ಬೆನ್ನು ನೆಟ್ಟಗೆ ಮಾಡಿ ಕೂತು, ಒಂದೊಂದಕ್ಕೂ "ಹೌದು ಸಾರ್" ಎಂದ. ಬೆಳಿಗ್ಗೆಯಿಂದ ಗಂಟು ಹಾಕಿಕೊಂಡಿದ್ದ ಅವನ ಭುಜ ಮೊದಲ ಸಲ ಇಳಿಯಿತು.

ಅಕ್ಕ ಬೆಂಚಿನಿಂದ ಎದ್ದು ಬಂದು ಕೇಳಿದಳು, "ಯಾರೋ ಅದು?"

"ಲಾರಿ ಡ್ರೈವರ್."

"ಚೆನ್ನಾಗಿ ಬೈತಾನೆ. ಇನ್ನು ಮೂರು ಜನ ಇದ್ದಾರೆ, ಮಾಡು" ಎಂದು ಹೇಳಿ, ಕೌಂಟರಿನವಳತ್ತ ತಿರುಗಿದಳು. "ಅಮ್ಮಾ, ನನ್ನ ಹೆಸರು ಆ ಮೂವರ ಕೆಳಗೆ ಬರ್ಕೋ."