ಹಂಚಿನ ಮುಂದಿನ ಓದು

ಸುರೇಖಾಳಿಗೆ ಪುಸ್ತಕ ಓದಿ ಸಿಟ್ಟು ಬಂತೆಂದರೆ ರಾಣೇಬೆನ್ನೂರಿನ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಗೆಲ್ಲ ಅದು ಗೊತ್ತಾಗುತ್ತಿತ್ತು. ಅವತ್ತು ಅವಳ ಖಾನಾವಳಿಯ ಪಲ್ಯಕ್ಕೆ ಖಾರ ಹೆಚ್ಚು ಬೀಳುತ್ತಿತ್ತು. ಊಟಕ್ಕೆ ಕುಂತ ಕಂಡಕ್ಟರುಗಳು ಮೂಗು ಒರೆಸಿಕೊಳ್ಳುತ್ತ, "ಅಕ್ಕಾರ, ಈ ಸಲ ಯಾರ ಪುಸ್ತಕ್ರೀ?" ಎಂದು ಕೇಳುತ್ತಿದ್ದರು. ಕೇಳಬಾರದಿತ್ತು. ಸೌಟು ಕೈಯಲ್ಲಿ ಹಿಡಿದುಕೊಂಡೇ ಅವಳು ಶುರು ಹಚ್ಚಿಕೊಂಡರೆ ಸಾರು ಕೇಳಿದವನಿಗೆ ಸಾರು ಸಿಗುತ್ತಿರಲಿಲ್ಲ.

ಸುರೇಖಾ ಗುತ್ತಲದ ಕಿರಾಣಿ ಅಂಗಡಿಯವರ ಮಗಳು. ಬಿ.ಎ. ಮುಗಿಸಿದ್ದಳು. ಮದುವೆಯಾಗಿ ವರ್ಷ ತುಂಬುವುದರೊಳಗೆ ಗಂಡನ ಮನೆ ಸಾಕಾಗಿ ಎದ್ದು ಬಂದು, ಬ್ಯಾಡಗಿಯ ಒಂದು ಮೆಣಸಿನಕಾಯಿ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ ಹಿಡಿದಿದ್ದಳು. ಅಲ್ಲಿ ಕಾಯಿಯ ತೊಟ್ಟು ಬಿಡಿಸಲು ಬರುತ್ತಿದ್ದ ಹೆಂಗಸರಲ್ಲಿ ಐರಣಿಯ ಗದಿಗೆವ್ವ ಒಬ್ಬಳು. ಗಂಡ ಸತ್ತವಳು, ಅಕ್ಷರ ಬಾರದವಳು, ನಗು ಮಾತ್ರ ಬಹಳ ಇದ್ದವಳು. ಒಂದು ಮಧ್ಯಾಹ್ನ ಸುರೇಖಾ ಬುತ್ತಿ ಬಿಚ್ಚಿಟ್ಟು ಪುಸ್ತಕ ಓದುತ್ತ ತನ್ನಷ್ಟಕ್ಕೇ ನಗುತ್ತಿದ್ದಾಗ ಗದಿಗೆವ್ವ ಕೂತಲ್ಲಿಂದಲೇ, "ಒಬ್ಬಾಕಿನs ಯಾಕ ನಗತೀಯವ್ವಾ? ಜೋರಾಗಿ ಓದು, ನಾವೂ ನಗತೇವಿ" ಎಂದಳು. ಅವತ್ತು ಶುರುವಾದ ಓದು ನಿಲ್ಲಲಿಲ್ಲ. ಇಬ್ಬರೂ ಕೂಡಿ ರಾಣೇಬೆನ್ನೂರಿಗೆ ಬಂದು ಖಾನಾವಳಿ ಹಾಕಿದರು. ಒಂದೇ ಒಲೆ, ಒಂದೇ ಹಾಸಿಗೆ. ಗಂಡ ಹೆಂಡತಿ ಹೇಗೆ ಬಾಳುತ್ತಾರೋ ಹಾಗೇ ಬಾಳಿದರು, ಜಗಳವೊಂದು ಕಡಿಮೆ. ಊರು ಅವರಿಗೆ ಅಕ್ಕ-ತಂಗಿ ಎಂದು ಹೆಸರಿಟ್ಟಿತು. ಒಬ್ಬಳು ಜೋಳದ ದಂಟಿನಷ್ಟು ಎತ್ತರ, ಇನ್ನೊಬ್ಬಳು ಕುಳ್ಳಿ. ಆದರೆ ಊರು ಒಮ್ಮೆ ಸಂಬಂಧ ಗೊತ್ತು ಮಾಡಿದ ಮೇಲೆ ಮಾರಿ ಯಾರು ನೋಡುತ್ತಾರೆ? ಇವರೂ ಅಲ್ಲ ಎನ್ನಲಿಲ್ಲ. ಬಾಡಿಗೆ ಮನೆ ಸಿಗಬೇಕಲ್ಲ.

ಇತ್ತೀಚೆಗೆ ಹೆಣ್ಣು ಹೆಣ್ಣನ್ನು, ಗಂಡು ಗಂಡನ್ನು ಮೆಚ್ಚುವ ಕತೆ-ಕಾದಂಬರಿಗಳು ಬರತೊಡಗಿದ್ದವು. ಹಾವೇರಿಯಲ್ಲಿ ಪುಸ್ತಕದ ಅಂಗಡಿ ಇಟ್ಟಿದ್ದ ಚೇತನಕುಮಾರ ಎಂಬ ಹುರುಪಿನ ಹುಡುಗ, ಹೊಸದು ಏನು ಬಂದರೂ ಬಸ್ಸಿನವರ ಕೈಯಲ್ಲಿ ಸುರೇಖಾಳಿಗೆ ಕಳಿಸುತ್ತಿದ್ದ. ಅಂಥ ಮೊದಲನೆಯ ಪುಸ್ತಕವನ್ನು ಅವಳು ಹಿಟ್ಟಿನ ಡಬ್ಬಿಯ ಹಿಂದೆ ಮುಚ್ಚಿಟ್ಟು, ಗಿರಾಕಿಗಳೆಲ್ಲ ಹೋದ ಮೇಲೆ ತೆಗೆದಳು. ತಮ್ಮ ಬಗ್ಗೆ ಯಾರೋ ಬರೆದಿದ್ದಾರೆ! ಅಂಥ ಆಸೆ ಅವಳಿಗೆ ಮದುವೆಯ ಸೀರೆ ಬಿಚ್ಚಿ ನೋಡುವಾಗಲೂ ಆಗಿರಲಿಲ್ಲ. ಕೊನೆಯ ಪುಟದಲ್ಲಿ ಆ ಇಬ್ಬರು ಹುಡುಗಿಯರು ಕೈ ಹಿಡಿದುಕೊಂಡು ಹೊಳೆಗೆ ಹಾರಿದರು. ಸುರೇಖಾ ಪುಸ್ತಕ ಮುಚ್ಚಿ, ಹಿತ್ತಲಿಗೆ ಹೋಗಿ, ಥೂ ಎಂದು ಉಗಿದು ಬಂದಳು.

ಆಮೇಲೆ ಬಂದವೂ ಅವೇ. ಗಂಡುಮಕ್ಕಳ ಕತೆಯಾದರೆ ಹಗ್ಗ, ಹೆಣ್ಣುಮಕ್ಕಳ ಕತೆಯಾದರೆ ಹೊಳೆ. "ಹೊಳಿ ಅಂದ್ರ ಇವರಿಗೆ ಸಾಯೂ ಜಾಗಾ ಒಂದs. ದಂಡಿ ಮ್ಯಾಲೆ ಅರಿವಿ ಒಗ್ಯಾವರು ಒಬ್ಬರೂ ಇಲ್ಲ ನೋಡು" ಎಂದು ಚೇತನಕುಮಾರನಿಗೆ ಫೋನಿನಲ್ಲೇ ಝಾಡಿಸಿದಳು. ಸೀರೆ ಉಟ್ಟ ಗಂಡಸನ್ನು ಕಂಡು ಊರಿಗೆ ಊರೇ ಮೂರ್ಛೆ ಹೋಗುವ ಕತೆಯೊಂದನ್ನು ಓದಿ ಅವಳಿಗೆ ವಾಕರಿಕೆಯೇ ಬಂತು. ಸೀರೆ ಉಟ್ಟು, ಎಲ್ಲಮ್ಮನ ಕೊಡ ಹೊತ್ತು ಜೋಗಪ್ಪ ಬಾಗಿಲಿಗೆ ಬಂದರೆ ಜೋಳ ನೀಡಿ, ಕಾಲಿಗೆ ಬಿದ್ದು, ಮಗಳಿಗೆ ಮಕ್ಕಳಾಗುತ್ತವೋ ಇಲ್ಲವೋ ಕೇಳುವ ಊರುಗಳಿವು. ಬರೆದವನು ಊರನ್ನು ಬಸ್ಸಿನ ಕಿಟಕಿಯಿಂದ ನೋಡಿ ಬರೆದಿದ್ದಾನೆ ಎಂಬುದು ಅವಳ ಫೈಸಲಾ.

ಮುಂದಿನ ಕಾಲದ ಕತೆಗಳು ಬಂದಾಗ ಹೇಸಿಗೆಗೆ ಮಿತಿಯೇ ಉಳಿಯಲಿಲ್ಲ. ಇಲ್ಲಿ ಬಾಡಿಗೆ ಮನೆ ಸಿಗದವರನ್ನು ಲೇಖಕರು ಒಯ್ದು ಚಂದ್ರನ ಮೇಲೆ ಇಳಿಸುತ್ತಿದ್ದರು. ಅಲ್ಲಿ ಹೆಣ್ಣು ಹೆಣ್ಣು ಕೂಡಿದರೆ ಕೇಳುವವರಿಲ್ಲ. ಆದರೆ ತಿನ್ನುವುದು ಗುಳಿಗೆ. ಯಾರೂ ಪಾತ್ರೆ ತಿಕ್ಕುವುದಿಲ್ಲ, ಯಾರ ಮೊಣಕಾಲೂ ನೋಯುವುದಿಲ್ಲ. "ಮೊಣಕಾಲಿಗೆ ಎಣ್ಣಿ ತಿಕ್ಕದಾಕಿದು ಎಂಥಾ ಪ್ರೀತಿ?" ಎಂದು ಸುರೇಖಾ ಹಲ್ಲು ಕಡಿಯುತ್ತಿದ್ದಳು. ಅವಳ ಮಾತಿನಲ್ಲಿ ಅನ್ಯಾಯವೂ ಇತ್ತು. ಒಳ್ಳೆಯ ಸಾಲು ಎದುರಿಗೇ ಬಂದು ನಿಂತರೂ ಅವಳ ಕಣ್ಣಿಗೆ ಬೀಳುತ್ತಿರಲಿಲ್ಲ. ಕೊನೆಗೆ ಯಾರಾದರೂ ಸತ್ತರೆ ಇಡೀ ಪುಸ್ತಕ ಅವಳ ಪಾಲಿಗೆ ಸತ್ತಂತೆಯೇ. ಯಾರೂ ಸಾಯದ ಪುಸ್ತಕ ಮಾತ್ರ ಬರಲೇ ಇಲ್ಲ.

ಗದಿಗೆವ್ವನಿಗೆ ಇದಾವುದೂ ಗೊತ್ತಿರಲಿಲ್ಲ. ಗಿರಾಕಿಗಳ ಮುಂದೆ ಸುರೇಖಾ ಬರೆದವರನ್ನು ಬೈಯುತ್ತಿದ್ದಳೇ ಹೊರತು ಕತೆಯ ಕೊನೆ ಹೇಳುತ್ತಿರಲಿಲ್ಲ, ಫೋನು ಮಾಡುವುದು ಹಿತ್ತಲಿಗೆ ಹೋಗಿಯೇ.

ಮಧ್ಯಾಹ್ನ ಗಿರಾಕಿ ಕಡಿಮೆಯಾದ ಮೇಲೆ ಗದಿಗೆವ್ವ ಸಂಜೆಯ ರೊಟ್ಟಿ ಬಡಿಯಲು ಹಂಚಿನ ಮುಂದೆ ಕೂತರೆ, ಸುರೇಖಾ ಮಣೆ ಹಾಕಿಕೊಂಡು ಪಕ್ಕದಲ್ಲಿ ಕೂತು ಓದುತ್ತಿದ್ದಳು. ಬ್ಯಾಡಗಿಯಲ್ಲಿ ಹತ್ತಿದ ರೂಢಿ. ಆ ಹೊಳೆಯ ಪುಸ್ತಕವನ್ನು ಗದಿಗೆವ್ವನಿಗೆ ಓದಿ ಹೇಳುತ್ತಿದ್ದಾಗ, ಹುಡುಗಿಯರು ಮನೆಯಿಂದ ಹೊರಬಿದ್ದ ಜಾಗಕ್ಕೆ ಬಂದ ಕೂಡಲೇ ಗದಿಗೆವ್ವನ ಕೈ ರೊಟ್ಟಿಯ ಮೇಲೆ ನಿಂತುಬಿಟ್ಟಿತು. ಅವಳು ಹೊಳೆದಂಡೆಯ ಊರಿನವಳು. ಹೊತ್ತಲ್ಲದ ಹೊತ್ತಿನಲ್ಲಿ ಹೆಣ್ಣುಮಕ್ಕಳು ಆ ಕಡೆ ಹೊರಟರೆ ಏನೆಂದು ಅವಳಿಗೆ ಗೊತ್ತು.

"ಹೊಳಿಗೆ ಯಾಕ ಹೊಂಟಾರ ಅವರು?" ಎಂದಳು.

ಸುರೇಖಾ ತಲೆ ಎತ್ತಿ ಅವಳ ಮುಖ ನೋಡಿದಳು. ಪುಸ್ತಕದಲ್ಲಿ ಏನಿತ್ತೋ ಅದು ಬಾಯಿಗೆ ಬರಲಿಲ್ಲ. "ಅರಿವಿ ಒಗ್ಯಾಕ" ಎಂದಳು. ಹುಡುಗಿಯರು ಅರಿವೆ ಒಗೆದರು, ಬಂಡೆಯ ಮೇಲೆ ಒಣಹಾಕಿದರು, ಪರ ಊರಿಗೆ ಹೋಗಿ ಸಣ್ಣ ಅಂಗಡಿ ಇಟ್ಟರು. ಗದಿಗೆವ್ವ "ಛಲೋ ಆತು ಬಿಡು" ಎಂದು ರೊಟ್ಟಿ ತಿರುವಿ ಹಾಕಿದಳು. ಅಲ್ಲಿಂದ ಮುಂದೆ ಸುರೇಖಾ ಯಾರನ್ನೂ ಸಾಯಗೊಡಲಿಲ್ಲ. ಹಗ್ಗ ಬಂದರೆ ದನ ಕಟ್ಟಲು ಬಂತು, ವಿಷದ ಬಾಟಲಿ ಬಂದರೆ ಹತ್ತಿಗೆ ಹೊಡೆಯಲು ಬಂತು. ಚಂದ್ರಲೋಕದ ಕಾದಂಬರಿಯಲ್ಲಿ ಇಳಾ, ನಕ್ಷತ್ರಾ ಎಂಬ ಇಬ್ಬರು ಕೊನೆಗೆ ಗಾಳಿಯಿಲ್ಲದ ಬಯಲಿಗೆ ಬಾಗಿಲು ತೆರೆದು ನಡೆದುಹೋಗುತ್ತಾರೆ. ಸುರೇಖಾಳ ಓದಿನಲ್ಲಿ ಅವರು ವಿಮಾನ ಏರಿ ಸೀದಾ ಬ್ಯಾಡಗಿಗೆ ಬಂದು ಇಳಿದರು.

"ಬ್ಯಾಡಗಿಗೆ ಯಾಕ ಬಂದ್ರು?"

"ಗುಳಿಗಿ ತಿಂದು ತಿಂದು ಬಾಯಿ ಕೆಟ್ಟಿತ್ತು. ಖಾರ ಬೇಕಾಗಿತ್ತು."

ಗದಿಗೆವ್ವ ನಕ್ಕು ನಕ್ಕು ಹಂಚಿನ ಮೇಲಿನ ರೊಟ್ಟಿ ಸುಟ್ಟಳು. ಆ ಇಬ್ಬರು ಅವಳಿಗೆ ಬೀಗರಂತೆ ಆಗಿಬಿಟ್ಟರು. ಹೊಸ ಶೇಂಗಾ ಚಟ್ನಿ ಕುಟ್ಟಿದಾಗ "ಇಳಾ ಇದ್ದಿದ್ರ ಎರಡ ರೊಟ್ಟಿ ಹೆಚ್ಚಿಗಿ ತಿಂತಿದ್ಲು" ಎನ್ನುತ್ತಿದ್ದಳು.

ಹಾವೇರಿಯ ಓದುಗರ ಕೂಟದಲ್ಲಿ ಅದೇ ಕಾದಂಬರಿಯ ಮೇಲೆ ಸುರೇಖಾ ಮಾತಾಡಬೇಕೆಂದು ಗೊತ್ತಾಯಿತು. ಎಷ್ಟೋ ದಿನದಿಂದ ಹೊಟ್ಟೆಯಲ್ಲಿ ಕುದಿಯುತ್ತಿದ್ದುದನ್ನೆಲ್ಲ ಹೊರಗೆ ಹಾಕಲು ಅವಳು ತಯಾರಾದಳು. "ನಾನೂ ಬರತೇನಿ. ನಮ್ಮ ಪುಸ್ತಕ ಅದು" ಎಂದು ಗದಿಗೆವ್ವ ಇಳಕಲ್ ಸೀರೆ ತೆಗೆದಳು. ಅಲ್ಲಿ ಯಾರಾದರೂ ಕೊನೆಯ ಪುಟದ ಮಾತೆತ್ತಿದರೆ ಇಷ್ಟು ದಿನ ಕಟ್ಟಿದ್ದೆಲ್ಲ ಒಡೆಯುತ್ತದೆ. "ಬ್ಯಾಡ, ಗಿರಾಕಿ ಬರೂ ಹೊತ್ತು" ಎಂದು ಸುರೇಖಾ ಗದರಿಸಿ ಒಬ್ಬಳೇ ಬಸ್ಸು ಹತ್ತಿದಳು.

ಸಭೆಯಲ್ಲಿ ಕೂಟದ ಅಧ್ಯಕ್ಷರು, ನಿವೃತ್ತ ಹೆಡ್ ಮಾಸ್ತರ ಶಂಭುಲಿಂಗ ಸರ್ ಸ್ವಾಗತ ಮಾಡಿದರು. ಪುಸ್ತಕದ ಬೆನ್ನಿನ ಮೇಲಿನ ನಾಲ್ಕು ಸಾಲು ಬಿಟ್ಟರೆ ಅವರು ಏನೂ ಓದಿರಲಿಲ್ಲವೆಂಬುದು ಸ್ವಾಗತದಲ್ಲೇ ಗೊತ್ತಾಯಿತು. ಸುರೇಖಾ ಎದ್ದು ಮೈಕು ಹಿಡಿದಳು.

"ಖರೇ ಹೇಳತೇನಿ. ಈ ಪುಸ್ತಕ ಓದಿ ನನಗ ಹೇಸಿಗಿ ಬಂತು. ವಾಂತಿ ಆಗೂದೊಂದು ಬಾಕಿ ಇತ್ತು."

ಯಾಕೆ ಎಂದು ಹೇಳುವುದಕ್ಕೆ ಮುಂಚೆ ಒಂದು ಗುಟುಕು ನೀರು ಕುಡಿಯೋಣವೆಂದು ನಿಂತಳು. ಅಷ್ಟರಲ್ಲಿ ಚಪ್ಪಾಳೆ ಬಿತ್ತು. ಎಂಥ ಚಪ್ಪಾಳೆ! ಅವಳ ಜನ್ಮದಲ್ಲಿ ಯಾರೂ ಅವಳಿಗೆ ಹಾಗೆ ತಟ್ಟಿರಲಿಲ್ಲ. ಶಂಭುಲಿಂಗ ಸರ್ ಎದ್ದು ಬಂದು ಅವಳ ಹೆಗಲಿಗೆ ಶಾಲು ಹೊದಿಸಿ, "ಹೆಂಗಸು ಹೆಂಗಸು ಸಂಸಾರ ಮಾಡೂದಂತ! ಒಬ್ಬ ಮರ್ಯಾದಸ್ಥ ಹೆಣ್ಮಗಳs ಹೇಸಿಗಿ ಅಂದಮ್ಯಾಲೆ ನಾವು ಹೇಳೂದೇನೈತಿ? ಇಂಥಾ ಹೊಲಸು ಲೈಬ್ರರಿಯೊಳಗ ಇರಬಾರದು" ಎಂದರು. ಮತ್ತೆ ಚಪ್ಪಾಳೆ.

ಸುರೇಖಾಳಿಗೆ ನಿಜವಾಗಿಯೂ ವಾಂತಿ ಬಂದಂತಾಯಿತು. ಅಲ್ಲ, ನನಗೆ ಹೇಸಿಗೆ ಬಂದದ್ದು ಅವರು ಕೂಡಿದ್ದಕ್ಕಲ್ಲ, ಅವರನ್ನು ಕೊಂದದ್ದಕ್ಕೆ ಎನ್ನಬೇಕು. ಅಂದರೆ ನಿನಗ್ಯಾಕೆ ಅಷ್ಟು ಸಂಕಟ ಎನ್ನುತ್ತಾರೆ. ಮನೆ ಮಾಲಕ, ಕಂಡಕ್ಟರುಗಳು, ಓಣಿ, ಎಲ್ಲ ಒಮ್ಮೆಗೇ ಕಣ್ಣ ಮುಂದೆ ಬಂದವು. ಮೈಕು ಹಿಡಿದ ಕೈ ಕೆಳಗಿಳಿಯಿತು. ಅವಳು ಸುಮ್ಮನಾದಳು. ಇಷ್ಟು ವರ್ಷ ಬರೆಯುವವರನ್ನು ಹೇಡಿಗಳು ಎಂದು ಬೈದ ಬಾಯಿ ಅದು.

ಆಗ ಹಿಂದಿನ ಸಾಲಿನಲ್ಲಿ ಇಳಕಲ್ ಸೀರೆಯ ಹೆಂಗಸೊಬ್ಬಳು ಎದ್ದು ನಿಂತಳು. ಗದಿಗೆವ್ವ. ಖಾನಾವಳಿ ಮುಚ್ಚಿ ಮುಂದಿನ ಬಸ್ಸಿಗೇ ಬಂದಿದ್ದಳು. ನಾಲ್ಕು ಜನರ ಮುಂದೆ ಎಂದೂ ಬಾಯಿ ಬಿಟ್ಟವಳಲ್ಲ.

"ಹೇಸಿಗಿ ಅಂಥಾದ್ದು ಏನೈತಿ ಅದರಾಗ? ಇಳಾ ನಕ್ಷತ್ರಾ ಯಾರಿಗೇನು ಮಾಡ್ಯಾರ? ಬ್ಯಾಡಗಿಗೆ ಬಂದು ದುಡಕೊಂಡು ತಿಂದ್ರು. ಸುರೇಖಾ, ಹೇಸಿಗಿ ಅನ್ನಾಕ ನಿನಗ ಬಾಯರ ಹೆಂಗ ಬಂತು?"

ಜನ ತಿರುಗಿ ನೋಡಿದರು. ಕೆಲವರು ನಕ್ಕರು. ಚೇತನಕುಮಾರ ನಗಲಿಲ್ಲ. ಪಾಪ, ತಪ್ಪು ತಿದ್ದುವ ಹುರುಪಿನಲ್ಲಿ ಅವನು ಮೆತ್ತಗೆ, "ಅವ್ವಾರ, ಬ್ಯಾಡಗಿಗೆ ಎಲ್ಲಿ ಬರ್ತಾರ್ರೀ? ಕೊನಿಗೆ ಇಬ್ಬರೂ ಸಾಯ್ತಾರಲ್ಲ" ಎಂದ.

ಗದಿಗೆವ್ವ ಅವನನ್ನು ನೋಡಲಿಲ್ಲ. ಸುರೇಖಾಳನ್ನೇ ನೋಡಿದಳು.

"ಸತ್ತಾರೇನು?"

ಸುರೇಖಾಳಿಗೆ ಇನ್ನು ಸುಳ್ಳು ಹೇಳಲು ಆಗಲಿಲ್ಲ. "ಹೂಂ. ಸತ್ತಾರ. ನಾನs ಉಳಿಸಿದ್ದೆ."

"ಮತ್ತ ಹೊಳಿ ದಂಡ್ಯಾಗ ಅರಿವಿ ಒಗದ ಆ ಹುಡಿಗ್ಯಾರು?"

"ಅವರೂ."

"ಉಳದಾವರು?"

"ಎಲ್ಲಾರೂ ಗದಿಗೆವ್ವ. ಒಬ್ಬರನ್ನೂ ಬಿಟ್ಟಿಲ್ಲ ಬರದಾವರು."

ಈ ಸೀಮೆಯಲ್ಲಿ ಸತ್ತ ಸುದ್ದಿ ಎಷ್ಟು ತಡವಾಗಿ ಬಂದರೂ ಅಳು ತಪ್ಪಿಸುವ ಹಾಗಿಲ್ಲ. ಕೇಳಿದ ಜಾಗದಲ್ಲೇ ಹೆಣ್ಣುಮಕ್ಕಳು ಹೆಸರು ಹಿಡಿದು ಹಾಡ್ಯಾಡಿ ಅಳುತ್ತಾರೆ. ಗದಿಗೆವ್ವ ಸೆರಗು ಬಾಯಿಗೆ ಒತ್ತಿಕೊಂಡು ನೆಲಕ್ಕೆ ಕುಸಿದಳು. "ನನ್ನ ಇಳವ್ವಾ, ನನಗ ಹೇಳದಂಗ ಯಾವಾಗ ಹೋದೆವ್ವಾ, ಖಾರ ಬೇಡಿ ಬಂದಾಕಿ ಎಲ್ಲಿಗೆ ಹೋದೆವ್ವಾ..." ಎಂದು ಸೊಲ್ಲು ತೆಗೆದಳು. ನಕ್ಷತ್ರಾಳನ್ನು ಕರೆದಳು. ಹೊಳೆಯ ಹುಡುಗಿಯರನ್ನು ಕರೆದಳು. ಹಂಚಿನ ಮುಂದೆ ಕೇಳಿದ ಹೆಸರುಗಳಲ್ಲಿ ಒಂದನ್ನೂ ಬಿಡಲಿಲ್ಲ. ನಗುತ್ತಿದ್ದವರು ನಗು ನಿಲ್ಲಿಸಿದರು. ಅಳು ಕಿವಿಗೆ ಬಿದ್ದ ಕೂಡಲೇ ಗಂಡಸರು ರೂಢಿಯಂತೆ ಎದ್ದು ತಲೆ ತಗ್ಗಿಸಿ ನಿಂತರು.

ಸುರೇಖಾ ವೇದಿಕೆ ಇಳಿದು ಹೋದಳು. ಸಾವಿನ ಮನೆಯಲ್ಲಿ ಹೇಗೋ ಹಾಗೆ ಗದಿಗೆವ್ವನ ಕೊರಳಿಗೆ ಬಿದ್ದು, ಇಷ್ಟು ವರ್ಷ ಒಬ್ಬಳೇ ನುಂಗಿಕೊಂಡಿದ್ದ ಅಳುವನ್ನೆಲ್ಲ ಅತ್ತಳು.

ಶಂಭುಲಿಂಗ ಸರ್ ಹತ್ತಿರ ಬಂದರು. ಅವರಿಗೆ ಇನ್ನೂ ಏನೂ ತಿಳಿದಿರಲಿಲ್ಲ. ದುಃಖದ ಮನೆಯಲ್ಲಿ ಹಿರಿಯರು ಕೇಳುವಂತೆ, ದನಿ ಇಳಿಸಿ ಕೇಳಿದರು.

"ಯಾರವ್ವಾ ತೀರಿಕೊಂಡಾರ? ನಿಮಗ ಏನಾಗಬೇಕು ಅವರು?"

ಸುರೇಖಾ ಗದಿಗೆವ್ವನ ಕೊರಳು ಬಿಡಲಿಲ್ಲ. ಮುಖ ಮಾತ್ರ ಎತ್ತಿದಳು.

"ನಮ್ಮವರ್ರೀ ಸರ್. ನಾವಿಬ್ಬರೂ ಹೆಂಗ ಬಾಳೇ ಮಾಡಾಕತ್ತೇವಿ, ಹಂಗs ಬಾಳೇ ಮಾಡಬೇಕಂತಿದ್ರು."