ಎರಡು ಸಲ ಆಡಿಸಿದ ಬ್ಲೇಡು

ಸರ್ಜರಿ ವಾರ್ಡಿನ ಅಟೆಂಡರನ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತು. ಉಳಿದವರಿಗೆಲ್ಲ ಅವನು ಬ್ಲೇಡಣ್ಣ. ಆಪರೇಷನ್ನಿನ ಹಿಂದಿನ ಸಂಜೆ ರೋಗಿಯ ಹೊಟ್ಟೆ, ತೊಡೆಯ ಕೂದಲು ಬೋಳಿಸುವುದು ಇಪ್ಪತ್ತಾರು ವರ್ಷಗಳಿಂದ ಅವನ ಕೆಲಸ. "ಒಂದು ಜಾಗಕ್ಕೆ ಒಂದೇ ಸಲ ಬ್ಲೇಡ್ ಆಡಿಸೋದು, ಎರಡನೇ ಸಲ ಆಡಿಸೋನು ಕೆಲಸಗಾರನೇ ಅಲ್ಲ" ಎಂದು ಜಂಬ ಕೊಚ್ಚದ ದಿನವಿಲ್ಲ.

ಆ ವರ್ಷ ದೊಡ್ಡ ಡಾಕ್ಟರಿಗೆ ಹೊಸ ಹುಚ್ಚು ಹತ್ತಿತು. ತರಬೇತಿಯಲ್ಲಿರುವವರೆಲ್ಲ ಒಂದೊಂದು ಸಂಶೋಧನೆ ಮಾಡಲೇಬೇಕಂತೆ. "ಕೈ ಪಳಗಿದ್ರೆ ಸಾಲದು. ಮಾಡ್ತಿರೋದು ಸರೀನಾ ಅಂತ ಕೇಳೋದನ್ನೂ ಕಲೀರಿ" ಎಂದರು. ಉಳಿದವರು ಗೊಣಗಿದರು. ಮೂರನೇ ವರ್ಷದ ಡಾಕ್ಟರಮ್ಮ ಮಾತ್ರ, ಊಟಕ್ಕೂ ಪುರುಸೊತ್ತಿಲ್ಲದವಳು, ವಾರದೊಳಗೆ ಒಂದು ಡಬ್ಬಿ ತುಂಬ ಅಂಟಿಸಿದ ಲಕೋಟೆ ಹಿಡಿದು ಬಂದಳು.

"ಒಬ್ಬೊಬ್ಬ ರೋಗಿಗೂ ಒಂದೊಂದು ಲಕೋಟೆ. ಒಳಗೆ ಬ್ಲೇಡ್ ಅಂತಿದ್ರೆ ಸಂಜೆ ನೀವು ಬೋಳಿಸಿ. ಮಷೀನ್ ಅಂತಿದ್ರೆ ಬೆಳಿಗ್ಗೆ ಸಿಸ್ಟರ್ ಕೂದಲು ಕತ್ತರಿಸ್ತಾರೆ. ಯಾರ ಗಾಯ ಜಾಸ್ತಿ ಕೀವಾಗುತ್ತೆ ನೋಡೋಣ."

ಬ್ಲೇಡಣ್ಣನ ಮೈ ಉರಿದುಹೋಯಿತು. "ನಿಮ್ಮ ಹೊಲಿಗೆ ಕೀವಾದ್ರೆ ನನ್ನ ತಲೆಗೆ ಕಟ್ತೀರಾ, ಡಾಕ್ಟ್ರಮ್ಮ?"

"ಯಾರ ತಲೆಗೂ ಕಟ್ತಿಲ್ಲ. ನಂಗೆ ಗೊತ್ತಿಲ್ಲ, ಅದಕ್ಕೇ ನೋಡ್ತಿದೀನಿ."

ಗೊತ್ತಿಲ್ಲ ಎನ್ನುವ ಡಾಕ್ಟರನ್ನು ಅವನು ಜನ್ಮದಲ್ಲಿ ಕಂಡಿರಲಿಲ್ಲ. ಅಂದಿನಿಂದ ಅವಳ ನೆರಳು ಕಂಡರೂ ಆಗದು. ಈ ಹುಡುಗಿಗೆ ಬುದ್ಧಿ ಕಲಿಸದಿದ್ದರೆ ಕೇಳಿ ಎಂದುಕೊಂಡು, ಬ್ಲೇಡಿನ ಲಕೋಟೆ ಬಂದ ರೋಗಿಗಳ ಬಗ್ಗೆ ಇನ್ನಿಲ್ಲದ ಮುತುವರ್ಜಿ ವಹಿಸಿದ. ಹೊಸ ಬ್ಲೇಡು, ಎರಡು ಸಲ ಸೋಪು, ಎರಡು ಸಲ ಎಳೆತ. ಗಾಜಿನಂಥ ನುಣುಪು.

"ಉರಿಯುತ್ತೆ ಅಣ್ಣ" ಎಂದ ಹರ್ನಿಯಾ ಆಪರೇಷನ್ನಿಗೆ ಬಂದಿದ್ದ ದರ್ಜಿ.

"ಉರಿದ್ರೇನೇ ಚೊಕ್ಕಟ" ಎಂದ ಬ್ಲೇಡಣ್ಣ.

ದರ್ಜಿಯ ಗಾಯ ಐದನೇ ದಿನ ಕೀವಾಯಿತು. ಮೂರು ವಾರ ಅವನು ಆಪರೇಷನ್ ಮಾಡಿದ ಡಾಕ್ಟರಮ್ಮನ ಕೈಗೆ ಹಿಡಿಶಾಪ ಹಾಕಿದ. ಬ್ಲೇಡಣ್ಣ ಪಕ್ಕದಲ್ಲಿ ನಿಂತು, ಅವಳಿಗೆ ಕೇಳಿಸುವಂತೆಯೇ ಹೂಂ ಹೂಂ ಎಂದ.

ಆರು ತಿಂಗಳಾದ ಮೇಲೆ ಮೀಟಿಂಗಿನಲ್ಲಿ ಅವಳು ಬೋರ್ಡಿನ ಮೇಲೆ ಬರೆದಳು: ಬ್ಲೇಡಿನ ಅರವತ್ತು ರೋಗಿಗಳಲ್ಲಿ ಹನ್ನೊಂದು ಗಾಯ ಕೆಟ್ಟಿವೆ, ಮಷೀನಿನ ಅರವತ್ತರಲ್ಲಿ ಮೂರು. ಚಹಾ ತಂದಿದ್ದ ಬ್ಲೇಡಣ್ಣ ತಟ್ಟೆಯನ್ನು ಕುಕ್ಕಿದ.

"ಎಲ್ಲಾ ಸುಳ್ಳು! ನಾನು ಯಾವತ್ತಿನ ಹಾಗೆ ಬೋಳಿಸಿಲ್ಲ. ನಿಮ್ಮನ್ನ ಸೋಲಿಸ್ಬೇಕು ಅಂತ ಒಬ್ಬೊಬ್ಬರಿಗೂ ಎರಡೆರಡು ಸಲ ಆಡಿಸಿದೀನಿ. ಈಗೇನು ಮಾಡ್ತೀರಿ?"

ಅವಳ ಮುಖ ಬಿಳಿಚಿಕೊಂಡಿತು. ಅವಳ ಕೊನೆಯ ಪರೀಕ್ಷೆಗೆ ಉಳಿದದ್ದು ನಾಲ್ಕೇ ತಿಂಗಳು. ಅಳುತ್ತಾಳೆ ಎಂದು ಅವನು ಕಾದ. ಅಳಲಿಲ್ಲ.

"ಎಲ್ಲರಿಗೂನಾ?"

"ಎಲ್ಲರಿಗೂ."

"ಯಾರಾದ್ರೂ ಉರಿ ಅಂದ್ರಾ?"

ಬ್ಲೇಡಣ್ಣ ಚಹಾದ ಲೋಟಗಳನ್ನು ಎತ್ತಿಡತೊಡಗಿದ. ಅವಳು ಬಟ್ಟೆ ತೆಗೆದುಕೊಂಡು ತನ್ನ ಆರು ತಿಂಗಳನ್ನು ಬೋರ್ಡಿನಿಂದ ಒರೆಸಿದಳು. ಒಬ್ಬ ಸಹಪಾಠಿ ನಕ್ಕ. "ನಗೋರು ಹೊರಗೆ ಹೋಗಿ" ಎಂದರು ದೊಡ್ಡ ಡಾಕ್ಟರು. "ನೀನು ಮೊದಲಿಂದ ಶುರು ಮಾಡಮ್ಮ. ಮುಗಿಯದಿದ್ರೆ ಮುಗಿದಷ್ಟೇ ಬರಿ. ಆಗಿದ್ದನ್ನೂ ಬರಿ."

ಗೆದ್ದ ಬ್ಲೇಡಣ್ಣ ಆ ದಿನ ಊಟದ ಡಬ್ಬಿಯನ್ನು ತೆರೆಯದೆ ಮನೆಗೆ ವಾಪಸ್ ಒಯ್ದ. ಅವಳ ಮೇಲಿನ ಸಿಟ್ಟೇನೂ ಇಳಿದಿರಲಿಲ್ಲ, ಇನ್ನೂ ಹೆಚ್ಚಿತ್ತು.

ಮುಂದಿನ ತಿಂಗಳು ದರ್ಜಿ ಇನ್ನೊಂದು ಪಕ್ಕದ ಹರ್ನಿಯಾಕ್ಕೆ ಮತ್ತೆ ಬಂದ. ಮೊದಲಿಂದ ಶುರುವಾಗಿದ್ದ ಲೆಕ್ಕದಲ್ಲಿ ಅವನ ಲಕೋಟೆಯಲ್ಲಿ ಬ್ಲೇಡ್ ಎಂದಿತ್ತು.

"ಆ ಡಾಕ್ಟ್ರಮ್ಮ ನನ್ನ ಮುಟ್ಟೋದು ಬೇಡ. ಆದ್ರೆ ಬೋಳಿಸೋದು ಮಾತ್ರ ನೀನೇ ಅಣ್ಣ. ಈ ಆಸ್ಪತ್ರೆಲಿ ನಾನು ನಂಬೋದು ನಿನ್ನ ಕೈ ಒಂದನ್ನೇ" ಎಂದ ದರ್ಜಿ.

ಬ್ಲೇಡಣ್ಣ ಸೋಪಿನ ಬಟ್ಟಲನ್ನು ಅಲ್ಲೇ ಬಿಟ್ಟು ನೆಟ್ಟಗೆ ವಾರ್ಡಿನ ಮೂಲೆಯಲ್ಲಿದ್ದ ಡಾಕ್ಟರಮ್ಮನ ಮೇಜಿಗೆ ಹೋದ.

"ಆ ದರ್ಜೀನ ನಿಮ್ಮ ಲೆಕ್ಕದಿಂದ ಕೈಬಿಡಿ. ಬೆಳಿಗ್ಗೆ ಮಷೀನಲ್ಲೇ ಮಾಡಿಸಿ."

"ಯಾಕೆ?"

"ಹೋದ ಸಲ ಅವನ ಗಾಯ ಕೆಡಿಸಿದ್ದು ನಾನು."

ಅವಳು ತಲೆಯೆತ್ತಲಿಲ್ಲ. "ಅದನ್ನ ನನಗ್ಯಾಕೆ ಹೇಳ್ತೀರಿ? ಅವರಿಗೆ ಹೇಳಿದ್ರಾ?"

ಬ್ಲೇಡಣ್ಣ ತಿರುಗಿ ನೋಡಿದ. ದರ್ಜಿ ಅಂಗಿ ಮೇಲೆತ್ತಿಕೊಂಡು, ಕಣ್ಣು ಮುಚ್ಚಿ, ಅವನಿಗಾಗಿ ಕಾಯುತ್ತ ಮಲಗಿದ್ದ.