ಮೆಂತ್ಯೆಯ ಕೆಳಗೆ ಮಲಗಿದ್ದ ಹೂ

ಅಮೆರಿಕೆಯ ಈಸ್ಟ್‌ಗೇಟ್ ಎಂಬ ಬಡಾವಣೆಯಲ್ಲಿ ದಿಬ್ಬದ ಮೇಲಿದ್ದ ಅಕ್ಕನ ಮನೆಯ ಸುತ್ತ ಎತ್ತರದ ಮರಗಳಿದ್ದವು. ಅವುಗಳ ನೆರಳಲ್ಲಿ ಪಾಚಿ ಬಿಟ್ಟರೆ ಇನ್ನೇನೂ ಸರಿಯಾಗಿ ಬೆಳೆಯುತ್ತಿರಲಿಲ್ಲ. ದಿನವಿಡೀ ಬಿಸಿಲು ಬೀಳುವ ಜಾಗ ಒಂದೇ ಒಂದಿತ್ತು. ಅದು ಕಾರು ನಿಲ್ಲಿಸುವ ಡ್ರೈವ್‌ವೇ ಪಕ್ಕದ ಉದ್ದನೆಯ ಪಟ್ಟಿ. ಅಲ್ಲಿ ಅಕ್ಕ ಒಮ್ಮೆ ನೆಟ್ಟರೆ ವರ್ಷ ವರ್ಷ ತಾವೇ ಚಿಗುರುವ ಹೂಗಿಡಗಳನ್ನು ಹಾಕಿದ್ದಳು. ಅದನ್ನು ಅವಳು ಬಾರ್ಡರ್ ಅನ್ನುತ್ತಿದ್ದಳು, ನಾನು ಮಡಿ ಅನ್ನುತ್ತಿದ್ದೆ. ಮಡಿ ಅಂದರೆ ನನ್ನ ಲೆಕ್ಕದಲ್ಲಿ ಸೊಪ್ಪು ಹಾಕುವ ಜಾಗ.

ನಾನು ಏಳನೇ ಇಯತ್ತೆಗೆ ಶಾಲೆ ಬಿಟ್ಟವನು. ಗದಗಿನ ಒಂದು ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತಾ ಬೆಳೆದೆ. ಇಂಜಿನಿಯರ್ ಆಗಿದ್ದ ಅಕ್ಕ ತಮ್ಮನ ಹೆಸರಿಗೆ ಅರ್ಜಿ ಹಾಕಿ, ವರ್ಷಗಟ್ಟಲೆ ಕಾದು, ನನ್ನನ್ನು ಅಮೆರಿಕೆಗೆ ಕರೆಸಿಕೊಂಡಳು. ಅವಳ ಮನೆಯ ಕೆಳಗಿನ ಕೋಣೆಯಲ್ಲಿದ್ದುಕೊಂಡು ಒಂದು ಇಂಡಿಯನ್ ಹೋಟೆಲಿನ ಅಡುಗೆಮನೆಗೆ ಕೆಲಸಕ್ಕೆ ಹೋಗುತ್ತಿದ್ದೆ. ಮಧ್ಯಾಹ್ನದವರೆಗೆ ನನಗೆ ಬಿಡುವು, ಹೀಗಾಗಿ ಗಿಡಗಳಿಗೆ ನೀರು ಬಿಡುವ ಕೆಲಸ ನನ್ನದಾಯಿತು.

ಆ ಪಟ್ಟಿಯ ನಡುವೆ ಮೂರು ಗಿಡಗಳ ಮೇಲೆ ಅಕ್ಕನಿಗೆ ಭಾರಿ ಜೀವ. ಓರಿಯೆಂಟಲ್ ಪಾಪ್ಪಿ ಅಂತ ಅದರ ಹೆಸರು, ನಮ್ಮ ಗಸಗಸೆ ಗಿಡದ ದಾಯಾದಿ. ಪಾಯಸಕ್ಕೆ ಬರುತ್ತದೆಯೋ ಎಂದು ಭಾವ ಕೇಳಿದಾಗ, ಇದು ನೋಡೋದಕ್ಕಷ್ಟೇ ಎಂದು ಅಕ್ಕ ಬಾಯಿ ಮುಚ್ಚಿಸಿದ್ದಳು. ಅಂಗೈಯಗಲದ ಕುಂಡದಲ್ಲಿ ತಂದು ನೆಟ್ಟ ಮೇಲೆ ಎರಡು ವರ್ಷ ಬರೀ ಎಲೆ. ಮೂಲಂಗಿ ಸೊಪ್ಪಿನಂಥ, ಮೈತುಂಬ ಕೂದಲಿನ ಒರಟು ಎಲೆ. ಮೂರನೆಯ ವರ್ಷ ಮೇ ತಿಂಗಳ ಕೊನೆಗೆ ಮೊಗ್ಗುಗಳು ತಲೆ ಬಗ್ಗಿಸಿಕೊಂಡು ಬಂದವು. ಒಂದು ಬೆಳಿಗ್ಗೆ ಮೊದಲ ಮೊಗ್ಗಿನ ಸಿಪ್ಪೆ ಬಿರಿದು, ಒಳಗೆ ಸುಕ್ಕುಸುಕ್ಕಾಗಿ ತುರುಕಿಟ್ಟಿದ್ದ ಕೆಂಪು ಹೊರಗೆ ಬಂತು. ಟ್ರಂಕಿನಿಂದ ತೆಗೆದ ಇಳಕಲ್ ಸೀರೆಯ ಸೆರಗು ಬಿಸಿಲಿಗೆ ತನ್ನ ಮಡಿಕೆ ತಾನೇ ಬಿಡಿಸಿಕೊಂಡಂತೆ, ತಾಸಿನೊಳಗೆ ಊಟದ ತಾಟಿನಷ್ಟು ಅರಳಿತು. ನಡುವೆ ಕಾಡಿಗೆಯಂಥ ಕಪ್ಪು. ಅಕ್ಕ ಆ ದಿನ ಆಫೀಸಿಗೆ ತಡವಾಗಿ ಹೋದಳು. ಕ್ಯಾನ್ಯನ್ ಪಾರ್ಕಿನ ತನ್ನ ಆಫೀಸಿಗೆ ಹೊರಟು ಕಾರಿನಲ್ಲಿ ಕೂತಿದ್ದ ಭಾವ ಇಳಿದು ಬಂದು ಇನ್ನೊಮ್ಮೆ ನೋಡಿ ಹೋದ.

ಮೂರು ವಾರ ಆ ಸಂಭ್ರಮ ನಡೆಯಿತು. ಆಮೇಲೆ ಎಸಳು ಉದುರಿ, ಜುಲೈ ಹೊತ್ತಿಗೆ ಎಲೆಗಳೆಲ್ಲ ಹಳದಿಯಾಗಿ ನೆಲಕ್ಕೆ ಬಿದ್ದವು. ಅದೇ ಹೊತ್ತಿಗೆ ಅಕ್ಕ ಭಾವ ಇಬ್ಬರೂ ಒಂದು ಮದುವೆಗೆಂದು ಐದು ವಾರ ಹುಬ್ಬಳ್ಳಿಗೆ ಹೊರಟರು. ಹೋಗುವ ಮುಂಚೆ ಅಕ್ಕ ನನಗೆ ಎರಡು ಸಲ ಹೇಳಿದಳು. ಒಮ್ಮೆ ಅಡುಗೆಮನೆಯಲ್ಲಿ, ಇನ್ನೊಮ್ಮೆ ಏರ್‌ಪೋರ್ಟಿನಲ್ಲಿ: ಆ ಗಿಡ ಸತ್ತಿಲ್ಲ, ಬೇಸಿಗೆಯಲ್ಲಿ ಮಲಗುತ್ತದೆ, ಸೆಪ್ಟೆಂಬರಿಗೆ ಏಳುತ್ತದೆ, ಬೇರಿಗೆ ಕೈ ಹಚ್ಚಬೇಡ, ನೀರು ಬಿಡಬೇಡ. ನಾನು ಎರಡೂ ಸಲ ಹೂಂ ಅಂದೆ.

ಈಗ ನನ್ನ ತಪ್ಪಿನ ವಿಷಯ. ಆ ಊರಲ್ಲಿ ಒಂಬತ್ತು ತಿಂಗಳು ಮೋಡ, ಸಿಕ್ಕುವ ಬಿಸಿಲು ಮೂರು ತಿಂಗಳದು. ಆ ಮೂರು ತಿಂಗಳು ಅತ್ಯುತ್ತಮ ಜಾಗ ಖಾಲಿ ಬಿದ್ದಿರುವುದನ್ನು ನೋಡಿದರೆ ನನಗೆ ಊಟ ಸೇರುತ್ತಿರಲಿಲ್ಲ. ನಮ್ಮ ಕಡೆ ರೊಟ್ಟಿಯ ಜೊತೆಗೆ ಹಸಿ ಮೆಂತ್ಯೆ ಸೊಪ್ಪನ್ನು ಬೇರು ಚಿವುಟಿ ಹಾಗೇ ತಿನ್ನುತ್ತೇವೆ. ಅಂಗಡಿಯ ಸೊಪ್ಪು ಬಾಡಿ, ಬಲಿತು ಬರುತ್ತದೆ. ಅದನ್ನು ಬೇಯಿಸಬೇಕು, ಹಸಿಯಾಗಿ ತಿನ್ನಲು ಬರುವುದಿಲ್ಲ. ನನ್ನ ಬಾಯಿ ಎಳೆಯ ಮೆಂತ್ಯೆಗೆ ಹಾತೊರೆಯುತ್ತಿತ್ತು. ಅವರು ಹೋದ ನಾಲ್ಕನೆಯ ದಿನ ಗುದ್ದಲಿ ತಂದು ಮಲಗಿದ್ದ ಮೂರೂ ಗಿಡಗಳನ್ನು ಅಗೆದು ತೆಗೆದೆ. ಗಜ್ಜರಿಯಂಥ ಉದ್ದನೆಯ ಬೇರು, ಎಳೆದರೆ ಲಟಕ್ ಎಂದು ಮುರಿಯುತ್ತಿತ್ತು. ಮುರಿದಲ್ಲಿ ಬಿಳಿ ಹಾಲು. ಕೈಗೆ ಸಿಕ್ಕಷ್ಟನ್ನು ಕಸದ ಡಬ್ಬಿಗೆ ಹಾಕಿ, ಮಣ್ಣು ಸಡಿಲಿಸಿ, ಅಡುಗೆಮನೆಯ ಡಬ್ಬಿಯಿಂದ ಎರಡು ಮುಷ್ಟಿ ಮೆಂತ್ಯೆ ಕಾಳು ಚೆಲ್ಲಿದೆ.

ಮೆಂತ್ಯೆ ಬಂದದ್ದು ನೋಡಬೇಕಿತ್ತು. ಹಸಿರು ಚಾಪೆ ಹಾಸಿದಂತೆ. ಪ್ರತಿ ಬೆಳಿಗ್ಗೆ ಒಂದು ಹಿಡಿ ಕಿತ್ತು, ರೊಟ್ಟಿ, ಶೇಂಗಾ ಹಿಂಡಿ, ಮೊಸರು ಹಾಕಿಕೊಂಡು ಡ್ರೈವ್‌ವೇಯಲ್ಲೇ ಕುರ್ಚಿ ಹಾಕಿ ಕೂತು ತಿಂದೆ. ಅಷ್ಟು ಸುಖವಾಗಿ ನಾನು ಆ ದೇಶದಲ್ಲಿ ಹಿಂದೆಂದೂ ಉಂಡಿರಲಿಲ್ಲ, ಸುಳ್ಳು ಯಾಕೆ ಹೇಳಲಿ.

ಅಕ್ಕ ಬರುವ ಹೊತ್ತಿಗೆ ಎರಡನೆಯ ಸಲ ಚೆಲ್ಲಿದ ಮೆಂತ್ಯೆ ಎದ್ದಿತ್ತು. ಅವಳು ಕಾರಿಳಿದವಳೇ ಬಗ್ಗಿ ನೋಡಿದಳು. ಅವಳು ತಲೆಯೆತ್ತಿ, ಮೆಂತ್ಯೆಯ ಬೇರು ಮೇಲೇ ಇರುತ್ತದೆ, ಕೆಳಗೆ ಮಲಗಿದವಕ್ಕೆ ತೊಂದರೆ ಇಲ್ಲ, ಒಳ್ಳೆ ಉಪಾಯ ಮಾಡಿದೆ ಅಂದಳು. ಆಗ ಹೇಳಬೇಕಿತ್ತು. ಕೆಳಗೆ ಯಾರೂ ಮಲಗಿಲ್ಲ ಅಕ್ಕ, ಎಬ್ಬಿಸಿ ಕಳಿಸಿದ್ದೇನೆ ಅನ್ನಬೇಕಿತ್ತು. ಹೇಳಲಿಲ್ಲ. ಆ ರಾತ್ರಿ ಅವಳು ಎರಡು ರೊಟ್ಟಿಯ ಮೇಲೆ ಮೂರನೆಯದನ್ನೂ ಮೆಂತ್ಯೆಗಾಗಿಯೇ ತಿಂದಳು. ನನಗೆ ಒಂದು ರೊಟ್ಟಿಯೂ ಇಳಿಯಲಿಲ್ಲ.

ಸೆಪ್ಟೆಂಬರ್ ಬಂತು. ಅಕ್ಕ ಪ್ರತಿದಿನ ಕಾಫಿ ಲೋಟ ಹಿಡಿದು ಮಡಿಯ ಮುಂದೆ ಕುಕ್ಕರಗಾಲಲ್ಲಿ ಕೂರುತ್ತಿದ್ದಳು. ಇನ್ನೂ ಎದ್ದಿಲ್ಲ ನೋಡೋ, ನಿದ್ದಿಗೇಡಿಗಳು ಅನ್ನುತ್ತಿದ್ದಳು. ನಾನು ಕಿಟಕಿಯಿಂದ ಅವಳ ಬೆನ್ನು ನೋಡುತ್ತಿದ್ದೆ. ಮೂರು ವರ್ಷ ಕಾದು ಮೂರು ವಾರ ಕಂಡ ಹೂವು. ಅದಕ್ಕಿಂತ ಹೆಚ್ಚಾಗಿ, ತಮ್ಮ ಹೂಂ ಅಂದರೆ ಅದು ಹೌದೇ ಹೌದು ಎಂದು ನಂಬಿದ ಹೆಂಗಸು. ಇನ್ನೊಂದು ವಾರದಲ್ಲಿ ಆ ಹೂವು, ಆ ನಂಬಿಕೆ ಎರಡೂ ಹೋಗಲಿದ್ದವು. ಎರಡು ನರ್ಸರಿಗಳಿಗೆ ಬಸ್ಸಿನಲ್ಲಿ ಹೋಗಿ ಅಂಥದೇ ಗಿಡ ಕೇಳಿದೆ. ವಸಂತಕ್ಕೆ ಬನ್ನಿ ಅಂದರು.

ಹತ್ತು ದಿನದ ಮೇಲೆ ಹೊರಗಿನಿಂದ ಅಕ್ಕ ಕೂಗಿದಳು. ಸಿಕ್ಕಿಬಿದ್ದೆ ಎಂದುಕೊಂಡು ಹೋದೆ. ಅವಳು ಬೆರಳು ಮಾಡಿ ಎಣಿಸುತ್ತಿದ್ದಳು. ಮಣ್ಣಿನಿಂದ ಕೂದಲುಗೂದಲಿನ ಸಣ್ಣ ಎಲೆಗಳು ಎದ್ದಿದ್ದವು. ಅಲ್ಲೊಂದು, ಇಲ್ಲೆರಡು, ಮಡಿಯ ಅಂಚಿಗೊಂದು. ಒಟ್ಟು ಹನ್ನೊಂದು.

"ಮೂರಿದ್ದವು ಹನ್ನೊಂದಾಗ್ಯಾವೋ ತಮ್ಮಾ," ಅಂದಳು. "ನಿನ್ನ ಕೈಗುಣ ನೋಡು."

ಆ ಗಿಡದ ಬೇರಿನ ತುಂಡು ಎಲ್ಲಿ ಉಳಿದರೂ ಅಲ್ಲೊಂದು ಗಿಡ ಏಳುತ್ತದೆ ಎಂದು ನನಗೆ ಆಮೇಲೆ ತಿಳಿಯಿತು. ನನ್ನ ಗುದ್ದಲಿ ಮುರಿದು ಬಿಟ್ಟ ತುಂಡುಗಳೇ ಅವು. ಆಗಲೂ ನಾನು ಬಾಯಿ ಬಿಡಲಿಲ್ಲ. ಹೊಗಳಿಕೆ ಎಷ್ಟು ರುಚಿ ಎಂದು ಆ ದಿನ ಗೊತ್ತಾಯಿತು, ಮೆಂತ್ಯೆಗಿಂತ ರುಚಿ.

ಮರುವರ್ಷ ಎರಡೇ ಹೂ ಬಂದವು. ಅದರ ಮರುವರ್ಷ ಮಾತ್ರ ಪಟ್ಟಿಯೇ ಹೊತ್ತಿ ಉರಿದಂತೆ ಅರಳಿತು. ನಾಯಿ ತಿರುಗಾಡಿಸಲು ಬಂದವರೆಲ್ಲ ನಿಂತು ನೋಡಿದರು. ಅಕ್ಕ ಕನ್ನಡದ ನಾಲ್ಕು ಮನೆಯವರನ್ನು ಚಹಾಕ್ಕೆ ಕರೆದು, ಎಲ್ಲರೆದುರು ನನ್ನ ಕೈಗುಣದ ಕತೆ ಹೇಳಿದಳು. ಅವರು ತಮಗೂ ಒಂದೊಂದು ಗಿಡ ಬೇಕೆಂದರು. ಮೈಸೂರಿನವರೊಬ್ಬರು, ನಿಮ್ಮ ಕೈಯಿಂದಲೇ ಕೊಡಬೇಕು ಎಂದು ನನ್ನ ಕೈ ಹಿಡಿದುಕೊಂಡರು. ನಾನು ಆ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಚಹಾದ ತಟ್ಟೆ ಎತ್ತಿಕೊಂಡೆ.

ಆಗಸ್ಟಿನಲ್ಲಿ ಗಿಡಗಳು ಮಲಗಿದಾಗ ಅಕ್ಕ ನಾಲ್ಕು ಕುಂಡಗಳನ್ನು ಸಾಲಾಗಿಟ್ಟು, ಗುದ್ದಲಿ ನನ್ನ ಕೈಗೆ ಕೊಟ್ಟಳು. ತಾನು ಮುಟ್ಟಿದರೆ ಸತ್ತೇ ಹೋದಾವು, ನೀನೇ ತೆಗೆ ಅಂದಳು. ನಾನು ಗುದ್ದಲಿ ಹಿಡಿದು ನಿಂತೇ ಇದ್ದೆ.

"ಅಕ್ಕ, ಇವನ್ನ ನಾ ಮೊದಲ ಒಮ್ಮೆ ಅಗದೀನಿ," ಅಂದೆ. "ನೀವು ಹುಬ್ಬಳ್ಳಿಗೆ ಹೋದಾಗ. ಮೂರೂ ತಗದು ಕಸಕ್ಕ ಹಾಕಿದ್ನಿ."

ಅವಳು ಕುಂಡಗಳನ್ನು ಬಿಟ್ಟು ನನ್ನ ಕಡೆ ತಿರುಗಿದಳು. "ಸತ್ತಾವಂತ ತಿಳಕೊಂಡಿದ್ದಿಯೇನು?"

ಹೌದು ಅಂದರೆ ಅಲ್ಲಿಗೇ ಮುಗಿಯುತ್ತಿತ್ತು. ಅವಳೇ ಬಾಗಿಲು ತೆಗೆದು ಕೊಟ್ಟಿದ್ದಳು. "ಇಲ್ಲ," ಅಂದೆ. "ಮಲಗ್ಯಾವಂತ ಗೊತ್ತಿತ್ತು. ನನಗ ಮೆಂತ್ಯೆ ಬೇಕಾಗಿತ್ತು."

ಅಕ್ಕ ಒಳಗೆ ಹೋದಳು. ನಾನು ಬಿಸಿಲಿನಲ್ಲಿ ನಿಂತೆ. ಹದಿನೈದು ನಿಮಿಷ ಆಗಿರಬೇಕು, ನನಗೆ ಅರ್ಧ ದಿನ ಅನ್ನಿಸಿತು. ಅವಳು ಹೊರಗೆ ಬಂದಾಗ ಕಣ್ಣು ಕೆಂಪಾಗಿದ್ದವು, ಆದರೆ ತುಟಿ ನಗು ತಡೆಯಲು ಒದ್ದಾಡುತ್ತಿತ್ತು.

"ಆ ಮೆಂತ್ಯೆ ನಾನೂ ಮೂರು ರೊಟ್ಟಿ ಹಚ್ಚಿ ತಿಂದೆನಲ್ಲೋ ಖೋಡಿ," ಅಂದಳು. "ನಿಂತಿ ಯಾಕ? ಅವತ್ತು ಹೆಂಗ ಅಗದಿದ್ದಿ, ಹಂಗ ಅಗಿ."

ಅವಳು ನೋಡುತ್ತಿರುವಾಗ ಹಾಗೆ ಅಗೆಯಲು ನನಗೆ ಬರಲಿಲ್ಲ. ಕೊನೆಗೆ ಅವಳೇ ಗುದ್ದಲಿ ಕಿತ್ತುಕೊಂಡು, ಎರಡು ವರ್ಷದ ಸಿಟ್ಟು ಒಂದೇ ಸಲ ಬಂದವಳಂತೆ ಹೊಡೆದಳು. ಬೇರುಗಳು ಲಟಲಟ ಮುರಿದವು. ಪ್ರತಿ ಪೆಟ್ಟಿಗೂ ನನಗೊಂದು ಬೈಗುಳ, ಪ್ರತಿ ಬೈಗುಳಕ್ಕೂ ಅವಳಿಗೆ ನಗು. ನಾನು ತುಂಡುಗಳನ್ನು ಆರಿಸಿದೆ. ದಪ್ಪ ತುದಿ ಮೇಲೆ ಬರುವಂತೆ ಇಡಬೇಕು ಎಂದು ಅವಳು ಹೇಳಿಕೊಟ್ಟಳು. ಸಂಜೆಯ ಹೊತ್ತಿಗೆ ನಾಲ್ಕು ಕುಂಡ ಸಾಲದೆ, ಹಾಲಿನ ಪ್ಲಾಸ್ಟಿಕ್ ಕ್ಯಾನುಗಳನ್ನೂ ಕತ್ತರಿಸಿ ತುಂಬಿದೆವು.

ಆಮೇಲೆ ಪ್ರತಿ ಜೂನ್‌ನಲ್ಲೂ ಬಂದವರಿಗೆ ಅಕ್ಕ ಹೊಸ ಕತೆ ಹೇಳತೊಡಗಿದಳು. ಕೈಗುಣದ ಮಾತು ಬಿಟ್ಟು ಗುದ್ದಲಿಯ ಕತೆ. ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು, ನಾನೂ ನಗುತ್ತಿದ್ದೆ. ಆದರೆ ಅಕ್ಕನ ಮನಸ್ಸು ಮೆತ್ತಗಿನದು. ಕೊನೆಗೆ ನನ್ನ ಮುಖ ನೋಡಿ, ಪಾಪ, ಸತ್ತಾವಂತ ತಿಳಕೊಂಡಿದ್ದ, ಅವನಿಗೇನು ಗೊತ್ತು ಎಂದು ಸೇರಿಸಿಬಿಡುತ್ತಿದ್ದಳು.

ಆಗ ನಾನು ಚಹಾದ ಲೋಟ ಕೆಳಗಿಟ್ಟು, "ಗೊತ್ತಿತ್ತರೀ," ಅನ್ನುತ್ತಿದ್ದೆ.